ಗೋಡಂಬಿ ತಿನ್ನದ ಸೇಠ

ಅಂಗಡಿ ಮುಚ್ಚಿ ಮನೆಗೆ ಬಂದರೆ ನನ್ನ ಹೆಂಡತಿ ಮೊದಲು ನನ್ನ ಬೆರಳು ಮೂಸಿ ನೋಡುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ಚಪ್ಪಲಿ ಬಿಡುವುದಕ್ಕೂ ಪುರಸತ್ತು ಕೊಡದೆ ಬಲಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡು, ತುಪ್ಪದ ವಾಸನೆ ಇದೆಯೋ ಮಿರ್ಚಿ ಭಜಿಯ ಎಣ್ಣೆಯ ವಾಸನೆ ಇದೆಯೋ ಎಂದು ಪರೀಕ್ಷೆ ಮಾಡುವಳು. ವಾಸನೆ ಬಂದರೆ ತಪ್ಪು ನನ್ನದು, ಬರದಿದ್ದರೂ ತಪ್ಪು ನನ್ನದೇ.

“ಸಾಬೂನು ಹಚ್ಚಿ ತೊಳ್ಕೊಂಡು ಬಂದೀರೇನ್ರಿ?”

“ಹೊರಗಿಂದ ಬಂದ ಮ್ಯಾಲ ಕೈ ತೊಳಿಬಾರದೇನ?”

“ಮೊದಲ ದಿನಾ ತೊಳೀತಿದ್ರೇನು?”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನೀರಿನ ಜೊತೆ ಮಾತಾಡುತ್ತಿದ್ದೆ.

ನಮ್ಮದು ಬೇಗಂ ಬಜಾರಿನಲ್ಲಿ ಡ್ರೈ ಫ್ರೂಟ್ ಅಂಗಡಿ. ಅಜ್ಜ ಬೀದರ ಕಡೆಯಿಂದ ಬಂದು ಹಾಕಿದ್ದು. ಗೋಡಂಬಿ, ಬಾದಾಮಿ, ಪಿಸ್ತಾ, ಮನೂಕ, ಒಣ ಕೊಬ್ಬರಿ. ಮನೆಯೂ ಅದೇ ಓಣಿಯಲ್ಲಿ, ಮಹಡಿಯ ಮೇಲೆ. ಮನೆಯಲ್ಲಿ ನಾನು, ಹೆಂಡತಿ, ಇಂಟರ್, ಅಂದರೆ ಪಿಯುಸಿ ಓದುವ ಮಗಳು, ಮತ್ತು ಅವ್ವ. ಅಪ್ಪ ಇಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಕೂತಿದ್ದವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ, ಮತ್ತೆ ಏಳಲಿಲ್ಲ. ಆಗ ಅವನಿಗಿದ್ದ ವಯಸ್ಸನ್ನು ನಾನು ಈಗ ದಾಟಿದ್ದೇನೆ.

ಅಪ್ಪನ ಸಾವಿನ ಬಗ್ಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು. ತಿಂದು ಸತ್ತ. ಅವನ ರಕ್ತದಲ್ಲಿ ಕೊಬ್ಬು ಏರಿದೆ ಎಂದು ಆಗಿನ ಡಾಕ್ಟರು ತುಪ್ಪ, ಗೋಡಂಬಿ, ಕೊಬ್ಬರಿ ಎಲ್ಲ ನಿಲ್ಲಿಸಿದ್ದರಂತೆ. ಅವ್ವ ನಿಲ್ಲಿಸಿದಳು. ಆದರೂ ಏರಿದ್ದು ಇಳಿಯಲಿಲ್ಲ. ಅಪ್ಪ ಕೊರಳಿನ ಲಿಂಗ ಮುಟ್ಟಿ, ನಾನು ಒಂದು ಚೂರೂ ಬಾಯಿಗೆ ಹಾಕಿಲ್ಲ ಎಂದು ಆಣೆ ಮಾಡಿದ. ಗೋಡಂಬಿ ಮೂಟೆಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಕೂತವನು ತಿಂದಿಲ್ಲ ಎಂದರೆ ಯಾರು ನಂಬುತ್ತಾರೆ? ಅವ್ವ ನಂಬಲಿಲ್ಲ. ಸತ್ತ ಮೇಲೂ ನಂಬಲಿಲ್ಲ. “ಬಾಯಿ ಕಟ್ಟಲಿಲ್ಲ. ನಮ್ಮನ್ನ ನಡುನೀರಾಗ ಬಿಟ್ಟು ಹೋದ್ರು” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಕೇಳಿ ಬೆಳೆದದ್ದು ಅದನ್ನೇ.

ಹೀಗಿರುವಾಗ ನನ್ನ ರಕ್ತದಲ್ಲೂ ಅದೇ ಏರಿತು. ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು. ಸಾವಿನ ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಅಪ್ಪ ಹೋದ ಹಾಗೆ, ಅವನು ಹೊತ್ತುಕೊಂಡು ಹೋದ ಹೆಸರನ್ನೇ ಹೊತ್ತುಕೊಂಡು ಹೋಗುತ್ತೇನೆ ಎಂದು. ಸಾಯುವುದಿದ್ದರೆ ಸಾಯೋಣ. ಹೆಂಡತಿ ಮಗಳ ಮುಂದೆ ಸುಳ್ಳುಗಾರ ಅನ್ನಿಸಿಕೊಂಡು ಸಾಯಬಾರದು.

ನಾಂಪಲ್ಲಿಯ ಕಡೆ ನಾವು ಹೋಗುತ್ತಿದ್ದ ಡಾಕ್ಟರು ತುಪ್ಪ ಬಿಡಿಸಿ, ಮಾತ್ರೆ ಬರೆದುಕೊಟ್ಟರು. ನಾನು ಅಕ್ಷರಶಃ ಪಾಲಿಸಿದೆ. ಬೆಳಿಗ್ಗೆ ಜೋಳದ ರೊಟ್ಟಿ, ಪಲ್ಯ. ಮಧ್ಯಾಹ್ನ ರೊಟ್ಟಿ, ಪಲ್ಯ. ಸಂಜೆ ಏನು ಎಂದು ಕೇಳಬೇಡಿ. ಇರಾನಿ ಚಹಾ ಬಿಟ್ಟೆ. ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದಾಗ ಹೆಂಡತಿ, ಮಗಳು ಎದುರಿಗೇ ನಿಂತು ಮಿರ್ಚಿ ಭಜಿ ತಿಂದರು. ನಾನು ಉಪ್ಪು ಖಾರವೂ ಹಾಕಿಸಿಕೊಳ್ಳದೆ ಒಂದು ಪೇರಲ ಹಣ್ಣು ತಿಂದು, ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮುಂದಿನ ಸಲ ರಕ್ತ ಕೊಟ್ಟಾಗ ಸ್ವಲ್ಪ ಇಳಿದಿತ್ತು, ಸ್ವಲ್ಪವೇ. ಇರಬೇಕಾದ ಮಟ್ಟಕ್ಕೂ ನನ್ನದಕ್ಕೂ ಅಜಗಜಾಂತರ. ಡಾಕ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು.

“ನಿಜಂ ಚೆಪ್ಪಂಡಿ ಸೇಠ್‌ಗಾರೂ, ಏಂ ತಿಂಟುನ್ನಾರು?” ನಿಜ ಹೇಳಿ, ಏನು ತಿನ್ನುತ್ತಿದ್ದೀರಿ?

ರೊಟ್ಟಿ ಪಲ್ಯ ಎಂದೆ. ಅವರು ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ನಗಲಿಲ್ಲ. ಆ ಕ್ಷಣದಿಂದ ನಾನು ನಮ್ಮ ಮನೆಯಲ್ಲಿ ಆರೋಪಿ.

ಎಣ್ಣೆ ಡಬ್ಬಿ ಬೀರುವಿನೊಳಗೆ ಹೋಯಿತು, ಬೀಗದ ಕೈ ಅವಳ ಸೊಂಟಕ್ಕೆ. ಮಾತ್ರೆಯನ್ನು ಅವಳೇ ನನ್ನ ಅಂಗೈಗೆ ಹಾಕಿ, ನೀರು ಕುಡಿಸಿ, “ಆ ಅನ್ರಿ” ಎನ್ನುತ್ತಿದ್ದಳು. ನಾಲಿಗೆ ಎತ್ತಿಸಿ ಕೆಳಗೆ ನೋಡುವಳು. ಮಗಳು ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುವಳು. ಅಂಗಡಿಯಲ್ಲಿ ನಮ್ಮ ಗುಮಾಸ್ತ ಇದ್ದಾನೆ, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಅವನು ನನ್ನನ್ನು ಕಣ್ಣಿಗೆ ಎಣ್ಣೆ ಹಾಕಿಕೊಂಡು ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು, ನಾನು ಮೂತ್ರಕ್ಕೆ ಎದ್ದರೂ ಅವನು ಎದ್ದು ಬರತೊಡಗಿದಾಗ.

“ಏನಪಾ, ನಿನಗೂ ಬಂತೇನ?”

“ಇಲ್ರಿ. ವೈನಿಯವರು ಹೇಳ್ಯಾರ, ನಿಮ್ಮನ್ನ ಒಬ್ಬರನ್ನ ಬಿಡಬ್ಯಾಡ ಅಂತ.” ವೈನಿ ಎಂದರೆ ನನ್ನ ಹೆಂಡತಿ.

ನನಗೂ ತಲೆ ಕೆಟ್ಟಿತು. ನನ್ನ ಮೇಲೆ ಸಂಶಯಪಡುವವರಿಗೆ ನಾನೇಕೆ ಸುಮ್ಮನಿರಲಿ? ಮೊದಲು ಲ್ಯಾಬಿನವರ ಮೇಲೆ ಸಂಶಯಪಟ್ಟೆ. ಒಂದೇ ಬೆಳಿಗ್ಗೆ ಎರಡು ಲ್ಯಾಬಿಗೆ ಹೋಗಿ, ಎಡಗೈಯಿಂದ ಒಂದು ಕಡೆ, ಬಲಗೈಯಿಂದ ಇನ್ನೊಂದು ಕಡೆ ರಕ್ತ ಕೊಟ್ಟೆ. ಎರಡೂ ಕಡೆ ಏರಿತ್ತು. ಮಾತ್ರೆ ನಕಲಿ ಇರಬೇಕು ಎಂದು ಊರಿನ ಇನ್ನೊಂದು ತುದಿಗೆ ಹೋಗಿ ತಂದೆ. ಏನೂ ಫರಕು ಬೀಳಲಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಕೂತು ಬೇಳೆ ಮೂಸಿ ನೋಡಿದೆ.

“ಇದರಾಗ ತುಪ್ಪದ ಒಗ್ಗರಣಿ ಹಾಕೀ ಏನ?”

ಹೆಂಡತಿ ಸೌಟು ಪಾತ್ರೆಯೊಳಗೆ ಬಿಟ್ಟಳು. “ನಾ ನಿಮಗ ವಿಷಾ ಹಾಕಾಕತ್ತೀನಿ ಅಂತ ಹೇಳ್ರಲ್ಲ ಸೀದಾ!” ಎಂದು ಅತ್ತಳು. ಆದರೂ ನಾನು ಬೇಳೆಯನ್ನು ಇನ್ನೊಮ್ಮೆ ಮೂಸಿದೆ. ಸಂಶಯ ಅನ್ನುವುದು ಅಂಥ ದರಿದ್ರ. ಅಷ್ಟೇ ಅಲ್ಲ, ನನಗೆ ನನ್ನ ಮೇಲೂ ಸಂಶಯ ಶುರುವಾಗಿತ್ತು. ನಿದ್ದೆಯಲ್ಲಿ ಎದ್ದು ತಿನ್ನುತ್ತೇನೋ ಏನೋ ಎಂದು ಬೆಳಿಗ್ಗೆ ಎದ್ದು ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸಿ ನೋಡುತ್ತಿದ್ದೆ.

ಮನೆಯ ಕತೆ ಇದಾದರೆ ಅಂಗಡಿಯದು ಇನ್ನೊಂದು. ನಮ್ಮ ವ್ಯಾಪಾರದಲ್ಲಿ ಒಂದು ರೂಢಿ ಇದೆ. ಗಿರಾಕಿಯ ಮುಂದೆ ಮೂಟೆ ಬಿಚ್ಚಿ, ಒಳಗೆ ಕೈ ಹಾಕಿ ಒಂದು ಗೋಡಂಬಿ ತೆಗೆದು ಮುರಿಯಬೇಕು. ಅರ್ಧ ಅವನ ಕೈಗೆ, ಅರ್ಧ ನಮ್ಮ ಬಾಯಿಗೆ. ನಾನು ತಿನ್ನುವುದನ್ನೇ ನಿನಗೂ ಮಾರುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಿಂದರೆ ಸಾಕು. ಅಜ್ಜ ಹಾಗೆ ಮಾರಿದ, ಅಪ್ಪ ಹಾಗೆ ಮಾರಿದ. ನಾನು ಈಗ ಮುರಿದು, ಮೂಸಿ, ನನ್ನ ಪಾಲಿನ ಅರ್ಧವನ್ನು ತಟ್ಟೆಗೆ ಹಾಕತೊಡಗಿದೆ. ಗಿರಾಕಿಗಳ ಮುಖ ಬದಲಾಯಿತು. ಮಿಠಾಯಿ ಮಾಡುವ ನಮ್ಮ ಹಳೇ ಗಿರಾಕಿಯೊಬ್ಬ ಬಾಯಿಬಿಟ್ಟೇ ಕೇಳಿದ.

“ಕ್ಯಾ ಸೇಠ್, ಹಮ್ಕು ಖಿಲಾರೆ, ತುಮ್ ನೈ ಖಾರೆ? ಮಾಲ್ ಮೇ ಕುಛ್ ಹೈ ಕ್ಯಾ?” ನಮಗೆ ತಿನ್ನಿಸುತ್ತೀಯ, ನೀನು ಮಾತ್ರ ತಿನ್ನುವುದಿಲ್ಲ, ಮಾಲಿನಲ್ಲಿ ಏನಾದರೂ ಇದೆಯೇ ಎಂದು.

ಡಾಕ್ಟರು ಬೇಡ ಎಂದಿದ್ದಾರೆ ಅಂದೆ. ಅವನು ತಲೆಯಾಡಿಸಿ ಎದುರಿನ ಅಂಗಡಿಗೆ ಹೋದ. ಮನೆಯಲ್ಲಿ ತಿನ್ನುತ್ತೇನೆ ಎಂದು ಸಂಶಯ, ಬಜಾರಿನಲ್ಲಿ ತಿನ್ನುವುದಿಲ್ಲ ಎಂದು ಸಂಶಯ. ಶಿವನೇ, ಒಬ್ಬ ಮನುಷ್ಯ ಎಷ್ಟು ಕಡೆ ಸಾಕ್ಷಿ ಹೇಳಬೇಕು?

ಆ ಸಂಜೆ ತಡೆಯಲಾರದೆ ಅವ್ವನ ಮುಂದೆ ಕೂತು, ಕೊರಳಿನ ಲಿಂಗ ಕೈಯಲ್ಲಿ ಹಿಡಿದು, “ಅವ್ವಾ, ಲಿಂಗ ಮುಟ್ಟಿ ಹೇಳ್ತೀನಿ, ನಾ ಏನೂ ತಿಂದಿಲ್ಲ” ಎಂದೆ.

ಅವ್ವ ನನ್ನ ಕೈಯನ್ನೇ ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. “ನಿಮ್ಮಪ್ಪನೂ ಹಿಂಗ ಮುಟ್ಟಿದ್ರು ತಮ್ಮಾ. ಇದ ಜಾಗಾದಾಗ ಕುಂತು” ಎಂದಳು.

ನಾನು ಎದ್ದುಹೋದೆ. ಇನ್ನು ಮುಂದೆ ಯಾರಿಗೂ ಏನೂ ಹೇಳಬಾರದು ಎಂದು ತೀರ್ಮಾನ ಮಾಡಿದೆ.

ದೀಪಾವಳಿಯ ಮುಂಚಿನ ಗದ್ದಲದ ದಿನಗಳು. ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ಜೀನ್ಸ್ ಪ್ಯಾಂಟು, ಹೆಗಲಿಗೆ ಚೀಲ, ಕಿವಿಗೆ ಫೋನು. ಹಿಂದಿಯಲ್ಲಿ ಗೋಡಂಬಿ ಕೇಳಿದಳು. ನಾನು ಮೂಟೆಯಿಂದ ಒಂದು ತೆಗೆದು ಮುರಿದು ಅರ್ಧ ಕೊಟ್ಟು, ಇನ್ನರ್ಧ ತಟ್ಟೆಗೆ ಹಾಕಿದೆ. ಅವಳು ಫೋನಿನಲ್ಲಿ, ಮಂಗಳೂರಿನ ಕಡೆಯ ಅಚ್ಚ ಕನ್ನಡದಲ್ಲಿ ಶುರು ಮಾಡಿದಳು.

“ಅಮ್ಮ, ಗೇರುಬೀಜ ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಈ ಜನ ತಾನು ಬಾಯಿಗೆ ಹಾಕುದಿಲ್ಲ, ಮುರಿದು ಪಕ್ಕಕ್ಕೆ ಇಡ್ತಾರೆ. ಎಂತದೋ ಉಂಟು ಇದ್ರಲ್ಲಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅಂಗಡಿಯಲ್ಲಿ ನಿಂತು, ನನ್ನ ಭಾಷೆಯಲ್ಲೇ ನನ್ನ ಮೇಲೆ ಸಂಶಯ!

“ಏನೂ ಇಲ್ಲ ತಾಯಿ ಇದರಾಗ! ಗೋಡಂಬಿ ಚಲೋ ಐತಿ, ಕೆಟ್ಟಿದ್ದು ನನ್ನ ರಕ್ತ. ಕೊಲೆಸ್ಟ್ರಾಲ್ ಐತಿ ನನಗ. ತಿಂದ್ರ ಮನ್ಯಾಗ ಕೊಲ್ತಾರ, ತಿನ್ನದಿದ್ರ ನೀವು ಕೊಲ್ಲಾಕ ಬಂದೀರಿ. ಬೇಕಾದ್ರ ತಗೋರಿ, ಇಲ್ಲಾಂದ್ರ ಬಿಡ್ರಿ!”

ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. “ಅಯ್ಯೋ, ನೀವು ಕನ್ನಡದವ್ರಾ! ಬೇಜಾರು ಮಾಡ್ಬೇಡಿ ಮಾರಾಯ್ರೆ” ಎಂದು ಫೋನಿಟ್ಟಳು. ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ನನ್ನ ಕೈಯನ್ನು ನೋಡುತ್ತಾ ನಿಂತಳು.

“ಒಂದು ಸಲ ಮುಷ್ಟಿ ಕಟ್ಟಿ.”

“ಯಾಕ್ರಿ?”

“ನಾನು ಡಾಕ್ಟರು. ಕೊಂಡಾಪುರದಲ್ಲಿ. ಲಿವರ್, ಕೊಲೆಸ್ಟ್ರಾಲ್, ಇದೇ ನನ್ನ ಕೆಲಸ. ಮುಷ್ಟಿ ಕಟ್ಟಿ ನೋಡುವ.”

ಕಟ್ಟಿದೆ. ಬೆರಳಿನ ಗೆಣ್ಣುಗಳ ಮೇಲೆ ನನಗೆ ಗಂಟುಗಳಿವೆ, ಹಿಂದಿನಿಂದಲೂ. ಅವಳು ಅದನ್ನು ಒತ್ತಿ ನೋಡಿ, “ಹಿಮ್ಮಡಿ ತೋರ್ಸಿ” ಎಂದಳು. ಗಾದಿಯ ಮೇಲೆ ಕೂತಿದ್ದವನು ಕಾಲು ಚಾಚಿದೆ. ಹಿಮ್ಮಡಿಯ ಮೇಲಿನ ನರ ನನ್ನದು ಹಗ್ಗದ ಹಾಗೆ ದಪ್ಪ.

ಇಲ್ಲಿ ನಾನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಇದಕ್ಕೆ ನಮ್ಮ ಮನೆತನದಲ್ಲಿ ಗಾದಿ ಗುರುತು ಅನ್ನುತ್ತಾರೆ. ಕಾಲು ಮಡಚಿ ಗಾದಿಯ ಮೇಲೆ ಕೂತು ಕೂತು ಹಿಮ್ಮಡಿ ದಪ್ಪವಾಗುತ್ತದೆ, ಮಾಲು ಮುರಿದು ಮುರಿದು ಗೆಣ್ಣಿಗೆ ಗಂಟು ಬರುತ್ತದೆ. ಅಪ್ಪನಿಗೆ ಇತ್ತು. ಅಜ್ಜನಿಗೂ ಇತ್ತಂತೆ. ನನಗೆ ಬಂದಾಗ ಅವ್ವ, ಈಗ ನೀನು ಖರೇ ವ್ಯಾಪಾರಿ ಆದಿ ಎಂದು ದೃಷ್ಟಿ ತೆಗೆದಿದ್ದಳು.

ಡಾಕ್ಟರು ನಗಲಿಲ್ಲ. “ನಿಮ್ಮ ತಂದೆ ಹೇಗೆ ಹೋದ್ರು?” ಎಂದಳು. ಹೇಳಿದೆ. ವಯಸ್ಸು ಕೇಳಿದಳು. ಅದನ್ನೂ ಹೇಳಿದೆ. “ಇದು ಗಾದಿಯಿಂದ ಬಂದದ್ದಲ್ಲ. ಕೊಲೆಸ್ಟ್ರಾಲ್ ಹೋಗಿ ಟೆಂಡನ್‌ನಲ್ಲಿ, ಅಂದ್ರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಲ್ಲಿ ಕೂತದ್ದು. ರಿಪೋರ್ಟ್ ಎಲ್ಲ ತಗೊಂಡು ಬನ್ನಿ” ಎಂದು ವಿಳಾಸ ಕೊಟ್ಟು, ಗೋಡಂಬಿ ಕಟ್ಟಿಸಿಕೊಂಡು ಹೋದಳು.

ನನಗೆ ಕೂಡಲೇ ಸಂಶಯ ಬಂತು. ಈಗ ಎಲ್ಲ ಆಸ್ಪತ್ರೆಗಳಲ್ಲೂ ಚೆಕಪ್ ಪ್ಯಾಕೇಜು, ಅದು ಇದು. ಅಂಗಡಿಗೇ ಬಂದು ಗಿರಾಕಿ ಹಿಡಿಯುವ ಹೊಸ ವರಸೆ ಇರಬಹುದು. ಮನೆಯಲ್ಲಿ ಹೇಳಿದಾಗ ಹೆಂಡತಿಗೆ ಬೇರೆಯೇ ಸಂಶಯ. “ನಾನೂ ಬರ್ತೀನಿ. ನೀವು ಅಲ್ಲಿ ಏನು ಹೇಳ್ತೀರಿ ನೋಡಬೇಕು” ಎಂದಳು. ಸರಿ, ಇಬ್ಬರು ಪೊಲೀಸರು ಒಬ್ಬ ಕಳ್ಳನನ್ನು ಹುಡುಕಿಕೊಂಡು ಹೊರಟ ಹಾಗೆ ಹೊರಟೆವು. ನಾಂಪಲ್ಲಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಇಳಿದು ಆಟೋ ಹಿಡಿದು ಕೊಂಡಾಪುರ ಮುಟ್ಟುವವರೆಗೆ ಅವಳು ರಿಪೋರ್ಟುಗಳ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ.

ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿದಳು. ಏನು ತಿನ್ನುತ್ತೀರಿ ಎಂದು ಕೇಳಲೇ ಇಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿತು.

“ಕೊಲೆಸ್ಟ್ರಾಲ್ ನೀರಲ್ಲಿ ಕರಗುದಿಲ್ಲ ಅಲ್ವಾ, ಅದಕ್ಕೆ ರಕ್ತದಲ್ಲಿ ಹಾಗೇ ತೇಲಿಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಕೊಬ್ಬು, ಪ್ರೋಟೀನು ಸೇರಿದ ಸಣ್ಣ ಸಣ್ಣ ಉಂಡೆ ಇರ್ತದೆ. ಅದ್ರೊಳಗೆ ಕೂತು ಹೋಗ್ತದೆ. ರಿಪೋರ್ಟಲ್ಲಿ ಎಲ್‌ಡಿಎಲ್ ಅಂತ ಬರುದು ಆ ಉಂಡೆಯಲ್ಲಿರುವ ಕೊಲೆಸ್ಟ್ರಾಲಿನ ಲೆಕ್ಕ. ಆ ಉಂಡೆಗಳನ್ನು ರಕ್ತದಿಂದ ತೆಗೆಯುವ ಕೆಲಸ ಹೆಚ್ಚಿನದ್ದು ಲಿವರಿನದ್ದು. ಲಿವರಿನ ಜೀವಕೋಶದ ಮೈಮೇಲೆ ರಿಸೆಪ್ಟರ್ ಅಂತ ಉಂಟು. ಉಂಡೆ ಬಂದು ತಾಗಿದ್ರೆ ಅದು ಹಿಡ್ಕೊಳ್ತದೆ. ಆ ಜಾಗದಲ್ಲಿ ಜೀವಕೋಶದ ಮೈ ಒಳಕ್ಕೆ ಗುಳಿ ಬಿದ್ದು, ಎರಡೂ ಒಳಗೆ ಹೋಗ್ತವೆ. ಒಳಗೆ ಉಂಡೆಯನ್ನು ಬಿಟ್ಟು ರಿಸೆಪ್ಟರ್ ಪುನಃ ಮೇಲೆ ಬರ್ತದೆ, ಇನ್ನೊಂದು ಹಿಡೀಲಿಕ್ಕೆ.”

“ನಮ್ಮ ಹಮಾಲರ ಹಂಗ” ಎಂದೆ. “ಮೂಟಿ ಗೋದಾಮಿನಾಗ ಇಳಿಸಿ ಮತ್ತ ಬರ್ತಾರ.”

“ಹಾಂ, ಅದೇ. ಗೋದಾಮು ತುಂಬಿದ್ರೆ ನೀವು ಎಂತ ಮಾಡ್ತೀರಿ?”

“ಹಮಾಲರಿಗೆ ನಾಳಿ ಬರಬ್ಯಾಡ್ರಿ ಅಂತೀನಿ.”

“ಜೀವಕೋಶವೂ ಹಾಗೆ ಮಾಡ್ತದೆ. ಒಳಗೆ ಸಾಕಷ್ಟು ಇದ್ರೆ ಹೊಸ ರಿಸೆಪ್ಟರ್ ಮಾಡುದು ಕಮ್ಮಿ. ಕೊರತೆ ಬಿದ್ರೆ ಜಾಸ್ತಿ. ನಿಮ್ಮ ಮಾತ್ರೆ ಉಂಟಲ್ಲ, ಲಿವರ್ ತಾನೇ ಒಳಗೆ ಕೊಲೆಸ್ಟ್ರಾಲ್ ತಯಾರು ಮಾಡುದನ್ನು ಅದು ತಡೀತದೆ. ಆಗ ಒಳಗೆ ಕೊರತೆ ಆಗಿ, ಹೆಚ್ಚು ರಿಸೆಪ್ಟರ್ ಮೇಲೆ ಬಂದು ರಕ್ತದಿಂದ ಎಳ್ಕೊಳ್ತವೆ.”

“ಮತ್ತ ನನಗ್ಯಾಕ ಇಳಿವಲ್ತ್ರಿ?”

“ರಿಸೆಪ್ಟರ್ ಮಾಡುವ ಜೀನು ಎಲ್ರಿಗೂ ಎರಡು. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮಗೆ ಅಪ್ಪನಿಂದ ಬಂದದ್ದು ಕೆಟ್ಟದ್ದು ಅಂತ ನನಗೆ ಕಾಣ್ತದೆ. ಹುಟ್ಟುವಾಗ್ಲೇ ನಿಮಗೆ ಕೆಲಸ ಮಾಡುವ ಹಮಾಲರು ಸುಮಾರು ಅರ್ಧ ಮಂದಿ. ಮಾಲು ಎಲ್ಲ ಬೀದಿಯಲ್ಲೇ ನಿಲ್ತದೆ. ತುಪ್ಪ, ಕೊಬ್ಬರಿ ಹೆಚ್ಚು ತಿಂದ್ರೆ ಇರುವವರೂ ಕಮ್ಮಿ ಆಗ್ತಾರೆ, ಅದು ಹೌದು. ಆದ್ರೆ ಬರೀ ರೊಟ್ಟಿ ತಿಂದ್ರೂ ಇಲ್ಲದವರು ಎಲ್ಲಿಂದ ಬರುದು?”

ಮಾತ್ರೆ ಹೆಚ್ಚಿಸಬೇಕು, ಇನ್ನೊಂದು ಸೇರಿಸಬೇಕು, ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಇದೆ ಎಂದಳು. ಒಂದು ಪ್ರೋಟೀನು ಇದೆಯಂತೆ, ಅದು ರಿಸೆಪ್ಟರಿಗೆ ಅಂಟಿಕೊಂಡರೆ ಆ ರಿಸೆಪ್ಟರ್ ಮೇಲೆ ಬರುವುದೇ ಇಲ್ಲ, ಒಳಗೇ ನಾಶವಾಗುತ್ತದೆ. ಇಂಜೆಕ್ಷನ್ನು ಆ ಪ್ರೋಟೀನನ್ನು ತಡೆಯುತ್ತದೆ. ನನ್ನಲ್ಲಿರುವವರೇ ಅರ್ಧ ಮಂದಿ, ಅವರನ್ನೂ ಕೆಲಸದಿಂದ ತೆಗೆಯುವವನು ಒಬ್ಬ ಒಳಗೇ ಇದ್ದಾನೆ ಎಂದು ಕೇಳಿ, ನನಗೆ ನನ್ನ ಮೈಯ ಮೇಲೇ ಭಯಂಕರ ಸಿಟ್ಟು ಬಂತು.

ಹೆಂಡತಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದಳು. “ಅಂದ್ರ, ಇವರು ಕದ್ದು ತಿಂದಿಲ್ಲೇನ್ರಿ?”

“ಇಷ್ಟು ಎತ್ತರ, ಬರೀ ತಿಂದು ಮಾಡ್ಲಿಕ್ಕೆ ಆಗುದಿಲ್ಲ” ಎಂದಳು ಡಾಕ್ಟರು. “ಮಾತ್ರೆ ತಗೊಂಡದ್ದಕ್ಕೇ ಇಷ್ಟ್ರ ಮಟ್ಟಿಗಾದ್ರೂ ಇಳಿದದ್ದು. ಅವ್ರು ಹೇಳಿದ್ದು ನಿಜ ಇರ್ಬೇಕು.”

ಎಷ್ಟು ದಿನದಿಂದ ಕಾದಿದ್ದ ಮಾತು. ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಬೇಕು ಎಂದುಕೊಂಡಿದ್ದೆ. ತಿರುಗಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂದು, ಕಿಟಕಿಯ ಹೊರಗೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟನ್ನು ನೋಡುತ್ತಾ ಕೂತೆ. ಬರುವಾಗ ಮೆಟ್ರೋದಲ್ಲಿ ಅವಳು ನನ್ನ ಪಕ್ಕಕ್ಕೆ ಸರಿದು ಕೂತು, “ನಾಳಿಂದ ಆ ಅನ್ನಬ್ಯಾಡ್ರಿ” ಎಂದಳು. ಅವಳೂ ಅತ್ತಿದ್ದಳು ಅನ್ನಿಸುತ್ತದೆ, ಮುಖ ಆ ಕಡೆ ಇತ್ತು.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದಳು. ಇದು ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ಮಗಳ ರಕ್ತ ನೋಡಲೇಬೇಕು. ಈ ವಯಸ್ಸಿನಲ್ಲೇ ಗೊತ್ತಾಗಿ ಚಿಕಿತ್ಸೆ ಶುರು ಮಾಡಿದರೆ, ಮುಂದೆ ನನ್ನ ಅಪ್ಪನಿಗೆ ಆದದ್ದು ಅವಳಿಗೆ ಆಗದ ಹಾಗೆ ನೋಡಿಕೊಳ್ಳಬಹುದು. ಅದನ್ನು ಕೇಳಿದ ಮೇಲೆ ನನ್ನ ಗೆಲುವು ನನಗೆ ರುಚಿಸಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ನೆಲದ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಹಮಾಲರು, ಗೋದಾಮು ಎಲ್ಲ ಕೇಳಿಸಿಕೊಂಡಳು.

“ಆ ಡಾಕ್ಟರ್‌ಬಾಯಿ ನಮ್ಮ ಮನಿಗೆ ಬಂದಿದ್ಳೇನ? ನಿಮ್ಮಪ್ಪನ್ನ ನೋಡಿದ್ಳೇನ? ನೀ ಹೇಳಿದ್ದು ಕೇಳಿ, ನಿನಗ ಬೇಕಾದಂಗ ಹೇಳ್ಯಾಳ.”

“ಅಪ್ಪಗ ಹಿಮ್ಮಡಿ ದಪ್ಪ ಇದ್ದವೋ ಇಲ್ಲೋ?”

“ಇದ್ದವು. ಚಪ್ಪಲಿ ಕಚ್ಚತಿತ್ತು. ಗಾದಿ ಮ್ಯಾಲ ಕುಂತವರಿಗೆ ಇರ್ತಾವ.”

“ಅದು ಗಾದಿಯಿಂದಲ್ಲ ಅವ್ವಾ. ಅಪ್ಪ ಸುಳ್ಳು ಹೇಳಿಲ್ಲ.”

ಅವ್ವನ ಕೈ ಮೊರದ ಮೇಲೆ ನಿಂತಿತು. ಮುಖ ಬಿಗಿಯಿತು. ನನಗೆ ಆಗ ಅರ್ಥವಾಯಿತು, ಅವಳು ನನ್ನನ್ನು ನಂಬಲು ಹೆದರುತ್ತಿದ್ದಾಳೆ. ಅಪ್ಪ ತಿಂದಿಲ್ಲ ಎಂದಾದರೆ, ಅವನ ಕೊನೆಯ ದಿನಗಳಲ್ಲಿ ಅವಳು ಆಡಿದ ಒಂದೊಂದು ಮಾತೂ ಅವಳ ಮೇಲೇ ತಿರುಗಿ ಬೀಳುತ್ತದೆ. ಅವನಿಲ್ಲ, ಈಗ ಯಾರ ಹತ್ತಿರ ಹೋಗಿ ತಪ್ಪಾಯಿತು ಅನ್ನುವುದು?

“ಹುಡುಗಿ ರಕ್ತ ತೋರಸ್ರಿ” ಎಂದಳು ಕೊನೆಗೆ. “ಈಕಿ ತುಪ್ಪ ಕಂಡ್ರ ಮಾರಿ ಸಿಂಡರಸ್ತಾಳ. ಹಾಲಿನ ಕೆನಿ ತಗದು ಬಟ್ಟಲಕ್ಕ ಒರಸ್ತಾಳ. ಮೂರೂ ಹೊತ್ತು ನಾನ ಬಡಿಸ್ತೀನಿ, ಈಕಿ ಏನು ತಿಂತಾಳ ನನಗ ಗೊತ್ತೈತಿ. ಈಕಿಗೆ ಏರಿದ್ರ ನಿಮ್ಮಪ್ಪ ಹೇಳಿದ್ದು ಖರೆ. ಇಲ್ಲಂದ್ರ ಈ ಹಮಾಲರ ಕತಿ ನನ್ನ ಮುಂದ ತರಬ್ಯಾಡ.”

ಅದು ಹಾಗಲ್ಲ ಅವ್ವಾ, ಅವಳಿಗೆ ಬಂದಿರದೇ ಇರಬಹುದು, ಬಂದಿಲ್ಲ ಎಂದರೆ ಅಪ್ಪ ತಿಂದ ಎಂದು ಅರ್ಥವಲ್ಲ ಎಂದು ಹೇಳಿ ನೋಡಿದೆ. ಅವ್ವ ಮೊರ ಎತ್ತಿ ಜೋಳ ಕೇರತೊಡಗಿದಳು. ಅವಳು ಒಂದು ಸಲ ಹೇಳಿದರೆ ಮುಗಿಯಿತು.

ಮಗಳು ಇದಾವುದರ ಗೊಡವೆಯಿಲ್ಲದೆ, ಸೂಜಿಗೆ ಮಾತ್ರ ಹೆದರಿ, ಮುಖ ಆ ಕಡೆ ಮಾಡಿ ರಕ್ತ ಕೊಟ್ಟಳು. ರಿಪೋರ್ಟು ಬರುವವರೆಗೆ ನಾನು ಗಾದಿಯ ಮೇಲೆ ಕೂತು ಏನು ಮಾಲು ತೂಗಿದೆನೋ, ಯಾರಿಗೆ ಏನು ಕೊಟ್ಟೆನೋ ನೆನಪಿಲ್ಲ. ಅವಳಿಗೆ ಏರಿದ್ದರೆ ಅಪ್ಪ ಗೆಲ್ಲುತ್ತಾನೆ, ನಾನು ಗೆಲ್ಲುತ್ತೇನೆ. ಸುಡುಗಾಡು ಗೆಲುವು, ಯಾರಿಗೆ ಬೇಕು! ಅಪ್ಪಾ, ನೀನು ತಿಂದು ಸತ್ತವನೇ ಆಗಿರು. ನಾನೂ ಕದ್ದು ತಿನ್ನುವ ಸುಳ್ಳುಗಾರ ಎಂದು ಬೇಗಂ ಬಜಾರಿನ ನಡುವೆ ನಿಂತು ಒಪ್ಪಿಕೊಳ್ಳುತ್ತೇನೆ. ಹುಡುಗಿಯದು ಸರಿ ಇರಲಿ. ಮನಸ್ಸಿನಲ್ಲೇ ಹೀಗೆ ಗೋಗರೆಯುತ್ತಿದ್ದೆ.

ರಿಪೋರ್ಟು ಬಂದದ್ದು ಹೆಂಡತಿಯ ಫೋನಿಗೆ, ಭಾನುವಾರ ಬೆಳಿಗ್ಗೆ. ಎಲ್ಲರೂ ಮನೆಯಲ್ಲಿದ್ದೆವು. ಮಗಳು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅವ್ವ ಅವಳ ಪಕ್ಕದಲ್ಲಿದ್ದಳು. ಹೆಂಡತಿ ಫೋನು ನೋಡಿದಳು, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು, ನನ್ನ ಕೈಗೆ ಕೊಟ್ಟಳು. ಇಷ್ಟು ದಿನ ಇಂಥ ಕಾಗದ ನೋಡಿ ನೋಡಿ ನನಗೆ ಓದುವುದು ಗೊತ್ತು. ಎಲ್‌ಡಿಎಲ್ ಏರಿತ್ತು. ನನ್ನಷ್ಟಲ್ಲ, ಆದರೆ ಆ ವಯಸ್ಸಿನ ಹುಡುಗಿಗೆ ಇರಬಾರದಷ್ಟು.

ಅವ್ವ ನನ್ನ ಮುಖ ನೋಡಿದಳು. ಏರಿದೆ ಎಂದು ನಾನು ತಲೆಯಾಡಿಸಿದೆ. ಅವಳು ಮೊಮ್ಮಗಳ ಕಡೆ ತಿರುಗಿದಳು.

ಹೆಂಡತಿಗೆ ಎಲ್ಲ ಗೊತ್ತಿತ್ತು. ಡಾಕ್ಟರ ಎದುರಿಗೇ ಕೂತು ಕೇಳಿಸಿಕೊಂಡವಳು ಅವಳು. ಆದರೂ ತಾಯಿಯ ಗಾಬರಿ, ಬಾಯಿಂದ ಬಂದೇಬಿಟ್ಟಿತು. “ಕಾಲೇಜ್ ಮುಂದ ಏನರ ತಿಂತೀ ಏನ? ದಿನಾ ಭಜಿ ತಿಂತೀ? ಖರೇ ಹೇಳು.”

“ಇಲ್ಲ ಮಮ್ಮಿ.”

“ಸುಳ್ಳು ಹೇಳಬ್ಯಾಡ. ಗೆಳತ್ಯಾರ ಜೋಡಿ ಹೋಗ್ತೀಯಲ್ಲ, ಏನು ತಿಂತೀ?”

“ಇಲ್ಲ ಅಂದೆನಲ್ಲ ಮಮ್ಮಿ, ಏನೂ ತಿನ್ನಲ್ಲ ನಾನು” ಎಂದಳು ಮಗಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಯಾರಾದರೂ ನಂಬಿ ಎನ್ನುವ ನೋಟ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹೆಂಡತಿ ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಅವ್ವ ಮೊಮ್ಮಗಳ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು.

“ಇಲ್ಲ ಅಂದಳಲ್ಲ. ಸಾಕು, ಮತ್ತೊಮ್ಮಿ ಕೇಳಬ್ಯಾಡ” ಎಂದಳು. ಅವಳ ಕೂದಲು ಸವರುತ್ತಾ, ನಮ್ಮ ಯಾರ ಕಡೆಯೂ ನೋಡದೆ ಹೇಳಿದಳು. “ನಿಮ್ಮಪ್ಪನ್ನ ನಾ ಹಿಂಗ ಭಾಳ ಸಲ ಕೇಳೀನಿ.”